ಮುಧೋಳ ಮರಿ ತರುವ ಮುನ್ನ

ಕುಷ್ಟಗಿಯಿಂದ ಏಳನೇ ತರಗತಿಯ ಹುಡುಗನೊಬ್ಬ ಪತ್ರ ಬರೆದಿದ್ದಾನೆ. ‘ಅಜ್ಜಾರ, ಮುಧೋಳ ನಾಯಿಮರಿ ಬೇಕಂತ ನಮ್ಮಪ್ಪಗ ಹೇಳೀನ್ರಿ. ಪರೀಕ್ಷಾ ಮುಗದ ಮ್ಯಾಲೆ ತರ್ತೀನಿ ಅಂದಾರ. ಅದಕ್ಕ ಏನು ಹಾಕಬೇಕು, ಹೆಂಗ ಕಲಿಸಬೇಕು ಬರೀರಿ.’

ಬರೆಯುತ್ತೇನಪ್ಪಾ. ಆದರೆ ಬ್ಯಾಂಕಿನಲ್ಲಿ ಲೆಕ್ಕ ಬರೆದು ಮುದುಕನಾದವನು ನಾನು. ಮೊದಲು ಒಂದು ಲೆಕ್ಕ ಮಾಡಿಬಿಡೋಣ. ಚೆನ್ನಾಗಿ ಸಾಕಿದ ನಾಯಿ ಹನ್ನೆರಡು ವರ್ಷ ಬದುಕುತ್ತದೆ. ನಿನಗೀಗ ಹನ್ನೆರಡು ಇದ್ದರೆ ಅದು ಮುದಿಯಾಗುವ ಹೊತ್ತಿಗೆ ನಿನಗೆ ಇಪ್ಪತ್ನಾಲ್ಕು. ನಡುವೆ ನೀನು ಕಾಲೇಜಿಗೆಂದು ಧಾರವಾಡಕ್ಕೋ ಬೆಂಗಳೂರಿಗೋ ಹೋಗುತ್ತೀ. ಆಗ ಅದಕ್ಕೆ ಅನ್ನ ಹಾಕುವವರು ಯಾರು? ದಿನಕ್ಕೆ ಒಂದೇ ಮೊಟ್ಟೆ ಅಂದರೂ ಹನ್ನೆರಡು ವರ್ಷಕ್ಕೆ 4,380 ಮೊಟ್ಟೆ. ಹಾಲು, ಸೂಜಿ, ಔಷಧದ ಖರ್ಚು ಬೇರೆ. ಈ ಲೆಕ್ಕವನ್ನು ಅಪ್ಪ, ಅವ್ವ, ಅಜ್ಜಿ ಎಲ್ಲರ ಮುಂದೆ ಓದು. ಎಲ್ಲರೂ ಹೂಂ ಅಂದರೆ ಮಾತ್ರ ಮುಂದಿನ ಸಾಲು ಓದು. ಮೂರು ತಿಂಗಳು ಮುದ್ದಾಡಿ, ಆಮೇಲೆ ಹೆದ್ದಾರಿ ಪಕ್ಕದ ಢಾಬಾದ ಹತ್ತಿರ ಬಿಟ್ಟುಬರುವವರು ನಮ್ಮ ಜಿಲ್ಲೆಯಲ್ಲೂ ಇದ್ದಾರೆ.

ಇನ್ನು ಮುಧೋಳದ ಮಾತು. ಮುಧೋಳ ಇರುವುದು ನಮ್ಮ ಪಕ್ಕದ ಬಾಗಲಕೋಟೆ ಜಿಲ್ಲೆಯಲ್ಲಿ. ಅಲ್ಲಿನ ಘೋರ್ಪಡೆ ಅರಸರು ಈ ತಳಿಯನ್ನು ಪೋಷಿಸಿದ್ದರಿಂದ ಊರಿನ ಹೆಸರೇ ನಾಯಿಗೆ ಬಂತು. ಹಳ್ಳಿಯವರು ‘ಕಾರವಾನ್’ ಎಂದೂ ಕರೆಯುತ್ತಾರೆ. 2005ರಲ್ಲಿ ಅಂಚೆ ಇಲಾಖೆ ನಮ್ಮ ದೇಶದ ನಾಲ್ಕು ತಳಿಯ ನಾಯಿಗಳ ಚೀಟಿ ತಂದಾಗ ಅದರಲ್ಲಿ ಮುಧೋಳವೂ ಇತ್ತು. 2016ರಲ್ಲಿ ಸೇನೆಯವರು ಇದರ ಮರಿಗಳನ್ನು ಮೀರತ್‌ಗೆ ಒಯ್ದು ತರಬೇತಿ ಕೊಟ್ಟರು. ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಬೀದರಿನ ಪಶು ವಿಶ್ವವಿದ್ಯಾಲಯಕ್ಕೆ ಸೇರಿದ ಶ್ವಾನ ಸಂಶೋಧನಾ ಕೇಂದ್ರವಿದೆ. ಮರಿ ತರುವುದೇ ಆದರೆ ಇಂಥ ಕಡೆ, ಇಲ್ಲವೇ ತಾಯಿನಾಯಿಯನ್ನು ಕಣ್ಣಾರೆ ತೋರಿಸುವ ಮನೆಯಲ್ಲಿ ತಗೊಳ್ಳಿ. ಜಾತ್ರೆ-ಸಂತೆಯಲ್ಲಿ ಬುಟ್ಟಿಯಲ್ಲಿಟ್ಟು ಮಾರುವವರ ಹತ್ತಿರ ಬೇಡ. ಎಂಟು ವಾರ ತುಂಬದ ಮರಿಯನ್ನು ತಾಯಿಯಿಂದ ಬಿಡಿಸಲೇಬಾರದು. ಕಚ್ಚಿದರೆ ನೋವಾಗುತ್ತದೆ ಎಂಬುದನ್ನು ಅದು ಕಲಿಯುವುದು ಒಡಹುಟ್ಟಿದವರ ಜೊತೆ ಆಡುವಾಗಲೇ.

ಇದು ಕಣ್ಣಿನಿಂದ ಬೇಟೆ ಹಿಡಿಯುವ ನಾಯಿ, ಓಡಲೆಂದೇ ಹುಟ್ಟಿದ್ದು. ದಿನವಿಡೀ ಸರಪಳಿಯಲ್ಲಿ ಕಟ್ಟಿದರೆ ಸಿಡುಕುತನ ಬರುತ್ತದೆ. ಅಷ್ಟು ಜಾಗ, ಅಷ್ಟು ಪುರುಸೊತ್ತು ಇಲ್ಲದ ಮನೆಗೆ ಓಣಿಯ ದೇಸಿ ಮರಿಯೇ ಸಾಕು ಎಂಬುದು ನನ್ನ ಅಭಿಪ್ರಾಯ. ಅದಕ್ಕೂ ನಿಷ್ಠೆಯೇನೂ ಕಡಿಮೆ ಇಲ್ಲ, ನಮ್ಮ ಬಿಸಿಲಿಗೂ ಒಗ್ಗಿರುತ್ತದೆ. ಯಲಬುರ್ಗಾ ಕಡೆ ಗೊಬ್ಬರಕ್ಕೆಂದು ಹೊಲದಲ್ಲಿ ಕುರಿ ನಿಲ್ಲಿಸಿದಾಗ ರಾತ್ರಿಯೆಲ್ಲ ಕಾಯುವ ನಾಯಿಗಳಿಗೆ ಯಾವ ಪ್ರಮಾಣಪತ್ರವಿದೆ ಹೇಳಿ! ಹಾಂ, ಮುಧೋಳ ತಂದವರು ಮೊಲದ ಬೇಟೆಗೆ ಹೊರಟೀರಿ, ಜೋಕೆ. 1972ರ ವನ್ಯಜೀವಿ ಕಾಯ್ದೆಯಲ್ಲಿ ಅದು ಅಪರಾಧ.

ಊಟದ ವಿಷಯಕ್ಕೆ ಬರೋಣ. ನಮ್ಮಲ್ಲಿ ಹಾಲು-ರೊಟ್ಟಿ ಹಾಕಿದರೆ ಮುಗಿಯಿತು ಅಂದುಕೊಳ್ಳುತ್ತಾರೆ. ಬೆಳೆಯುವ ಮರಿಗೆ ಬರೀ ಜೋಳದ ರೊಟ್ಟಿ ಸಾಲದು. ಬೇಯಿಸಿದ ಮೊಟ್ಟೆ, ಮೊಸರು, ಮಾಂಸ ತಿನ್ನುವ ಮನೆಯಾದರೆ ಎಲುಬು ತೆಗೆದ ಬೇಯಿಸಿದ ಕೋಳಿ, ಇವೆಲ್ಲ ಸ್ವಲ್ಪ ಸ್ವಲ್ಪ ಸೇರಬೇಕು. ಹಾಲು ಕೆಲವು ಮರಿಗಳಿಗೆ ಭೇದಿ ತರುತ್ತದೆ. ಅಂಥವಕ್ಕೆ ಮೊಸರೇ ಮೇಲು. ಮೂರು ತಿಂಗಳವರೆಗೆ ದಿನಕ್ಕೆ ನಾಲ್ಕು ಸಲ, ಆರು ತಿಂಗಳವರೆಗೆ ಮೂರು ಸಲ, ಆಮೇಲೆ ಎರಡು ಸಲ. ಉಪ್ಪು-ಖಾರ ಬೇಡ. ಉಳ್ಳಾಗಡ್ಡಿ, ಬಳ್ಳೊಳ್ಳಿ ಅದರ ರಕ್ತ ಕೆಡಿಸುತ್ತವೆ. ಆದ್ದರಿಂದ ಉಳಿದ ಸಾರು, ಚಟ್ನಿ ಅದರ ತಾಟಿಗೆ ಸುರಿಯಬೇಡಿ. ಚಾಕೊಲೇಟ್ ವಿಷ. ದ್ರಾಕ್ಷಿ, ಒಣದ್ರಾಕ್ಷಿ ಮೂತ್ರಪಿಂಡಕ್ಕೆ ಕೆಟ್ಟದ್ದು. ಬೇಯಿಸಿದ ಕೋಳಿಯ ಎಲುಬು ಸೀಳಿ ಕರುಳಿಗೆ ಚುಚ್ಚುತ್ತದೆ. ಮುಧೋಳ ನಾಯಿಯ ಕೊನೆಯ ಪಕ್ಕೆಲುಬು ಕಾಣುವುದು ಸಹಜ. ‘ಹೊಟ್ಟಿ ಬೆನ್ನಿಗೆ ಹತ್ತೇತಿ, ಊಟ ಹಾಕಂಗಿಲ್ಲೇನು?’ ಎಂದು ನೆರೆಯವರು ಕೇಳಿದರೆ ನಕ್ಕು ಸುಮ್ಮನಾಗಿ.

ಮರಿ ಬಂದ ವಾರದೊಳಗೆ ಪಶು ಆಸ್ಪತ್ರೆಗೆ ಕರೆದೊಯ್ಯಿರಿ. ಮೊದಲು ಜಂತುಹುಳದ ಔಷಧ. ಆರರಿಂದ ಎಂಟು ವಾರಕ್ಕೆ ಡಿಸ್ಟೆಂಪರ್, ಪಾರ್ವೊ ರೋಗಗಳ ಲಸಿಕೆ ಶುರುವಾಗುತ್ತದೆ. ಮೂರು-ನಾಲ್ಕು ವಾರಕ್ಕೊಮ್ಮೆ, ಹದಿನಾರು ವಾರ ತುಂಬುವವರೆಗೆ ಅದನ್ನು ಹಾಕಿಸಬೇಕು. ಮೂರು ತಿಂಗಳಿಗೆ ರೇಬಿಸ್ ಲಸಿಕೆ, ಆಮೇಲೆ ವರ್ಷಕ್ಕೊಮ್ಮೆ. ಲಸಿಕೆಯ ಕಾರ್ಡನ್ನು ಪಾಸ್‌ಬುಕ್ಕಿನಂತೆ ಜೋಪಾನವಾಗಿಡಿ. ಒಂದು ಎಂಟ್ರಿ ಬಿಟ್ಟುಹೋದರೂ ಲೆಕ್ಕ ತಪ್ಪುತ್ತದೆ.

ಈ ಲಸಿಕೆ ನಿಮ್ಮ ನಾಯಿಗೆ ಮಾತ್ರವಲ್ಲ. ನಮ್ಮ ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ತೋಳಗಳ ಧಾಮವಿದೆ. ಲಸಿಕೆಯಿಲ್ಲದ ನಾಯಿಯ ಡಿಸ್ಟೆಂಪರ್ ತೋಳಕ್ಕೂ ಅಂಟುತ್ತದೆ. 2018ರಲ್ಲಿ ಗುಜರಾತಿನ ಗಿರ್ ಕಾಡಿನಲ್ಲಿ ಸಿಂಹಗಳು ಸಾಲಾಗಿ ಸತ್ತಾಗ ಅವುಗಳಲ್ಲಿ ಸಿಕ್ಕಿದ್ದು ಇದೇ ವೈರಾಣು.

ಈಗ ಕಲಿಸುವ ಮಾತು. ಮಕ್ಕಳೇ, ಇದು ದೊಡ್ಡವರಿಗಿಂತ ನಿಮಗೆ ಚೆನ್ನಾಗಿ ಬರುವ ಕೆಲಸ. ಅಪ್ಪ ‘ಸಿಟ್’, ಅವ್ವ ‘ಕುಂದ್ರು’, ನೀವು ‘ಕೂತ್ಕೋ’ ಅಂದರೆ ಮರಿ ಯಾರ ಮಾತು ಕೇಳಬೇಕು? ಮನೆಗೆಲ್ಲ ಒಂದೇ ಶಬ್ದ ಗೊತ್ತುಮಾಡಿ. ರೊಟ್ಟಿಯ ಚೂರೊಂದನ್ನು ಅದರ ಮೂಗಿನ ಮುಂದೆ ಹಿಡಿದು ನಿಧಾನವಾಗಿ ತಲೆಯ ಮೇಲಕ್ಕೆ ಒಯ್ಯಿರಿ. ಮೂಗು ಮೇಲೆ ಹೋದಂತೆ ಹಿಂಭಾಗ ತಾನೇ ನೆಲಕ್ಕೆ ಹತ್ತುತ್ತದೆ. ಕೂತ ಕೂಡಲೇ ‘ಕುಂದ್ರು’ ಅನ್ನಿ, ಚೂರು ಕೊಡಿ, ಬೆನ್ನು ಸವರಿ. ಐದು ನಿಮಿಷ ಸಾಕು, ದಿನಕ್ಕೆ ಮೂರು ಸಲ. ‘ಬಾ’ ಎಂದು ಕರೆದಾಗ ಬಂದದ್ದಕ್ಕೆ ಎಂದೂ ಬೈಯಬೇಡಿ, ಅದು ಚಪ್ಪಲಿ ಹರಿದಿದ್ದರೂ ಸರಿ. ಒಮ್ಮೆ ಬಂದು ಏಟು ತಿಂದ ಮರಿ ಮುಂದೆ ಕರೆದಾಗ ಓಡುತ್ತದೆ. ಮುಧೋಳ ನಾಯಿಗಂತೂ ದೂರದಲ್ಲಿ ಏನಾದರೂ ಓಡಿದ್ದು ಕಂಡರೆ ಕಿವಿ ಕೇಳುವುದೇ ಇಲ್ಲ. ಬೇಲಿಯಿಲ್ಲದ ಜಾಗದಲ್ಲಿ ಹಗ್ಗ ಬಿಚ್ಚಬೇಡಿ.

ಮನೆಯೊಳಗೆ ಉಚ್ಚೆ ಹೊಯ್ದರೆ ಮೂತಿ ತಿಕ್ಕುವ ಪದ್ಧತಿ ಕೆಲವರಲ್ಲಿದೆ. ಅದರಿಂದ ಮರಿ ಕಲಿಯುವುದು ನಿಮಗೆ ಹೆದರುವುದನ್ನು ಮಾತ್ರ. ನಿದ್ದೆಯಿಂದ ಎದ್ದ ಕೂಡಲೇ, ಊಟವಾದ ಕೂಡಲೇ, ಆಟ ಮುಗಿದ ಕೂಡಲೇ ಹಿತ್ತಲಿನ ಒಂದೇ ಮೂಲೆಗೆ ಕರೆದೊಯ್ಯಿರಿ. ಕೆಲಸ ಆದ ಮೇಲೆ ಶಹಬ್ಬಾಸ್ ಅನ್ನಿ.

ಬೇಸಿಗೆ ನಮ್ಮ ಕಡೆ 40 ಡಿಗ್ರಿ ಮುಟ್ಟುತ್ತದೆ. ನಾಯಿ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ, ನಾಲಿಗೆ ಹೊರಹಾಕಿ ಏದುಸಿರು ಬಿಟ್ಟೇ ಮೈ ತಣ್ಣಗೆ ಮಾಡಿಕೊಳ್ಳಬೇಕು. ಡಾಂಬರು ರಸ್ತೆಯ ಮೇಲೆ ಏಳು ಎಣಿಸುವಷ್ಟು ಹೊತ್ತು ನಿಮ್ಮ ಮುಂಗೈ ಇಡಲು ಆಗದಿದ್ದರೆ ಅದರ ಪಾದಕ್ಕೂ ಆಗದು. ಬೆಳಿಗ್ಗೆ ಏಳರೊಳಗೆ, ಸಂಜೆ ನೆಲ ತಣಿದ ಮೇಲೆ ತಿರುಗಾಡಿಸಿ. ಉಣ್ಣೆ ಹತ್ತಿದರೆ ಸೀಮೆಎಣ್ಣೆ ಹಚ್ಚಬೇಡಿ, ಚರ್ಮ ಸುಡುತ್ತದೆ, ನೆಕ್ಕಿದರೆ ಹೊಟ್ಟೆಗೂ ಹೋಗುತ್ತದೆ. ಉಣ್ಣೆಗೆ ಪಶು ವೈದ್ಯರ ಹತ್ತಿರ ಔಷಧವಿದೆ.

ಕೊನೆಯದಾಗಿ, ಬೈಸಿಕೊಳ್ಳುವ ಭಯಕ್ಕೆ ಮಕ್ಕಳು ಮುಚ್ಚಿಡುವ ಸಂಗತಿ. ಸಾಕಿದ ಮರಿಯೇ ಆಗಲಿ, ಓಣಿಯ ನಾಯಿಯೇ ಆಗಲಿ, ಕಚ್ಚಿದರೆ, ಪರಚಿದರೆ, ಗಾಯದ ಮೇಲೆ ನೆಕ್ಕಿದರೆ ಆ ಗಳಿಗೆಯೇ ಮನೆಯಲ್ಲಿ ಹೇಳಿ. ಪಾಲಕರೇ, ಮಗು ಹೇಳಿದಾಗ ಗದರಬೇಡಿ. ನಲ್ಲಿ ಬಿಟ್ಟು ಸಾಬೂನು ಹಚ್ಚಿ ಹದಿನೈದು ನಿಮಿಷ ತೊಳೆಯಿರಿ. ಅರಿಸಿನ, ಸುಣ್ಣ, ಖಾರದಪುಡಿ ಮೆತ್ತಬೇಡಿ. ಅಂದೇ ಆಸ್ಪತ್ರೆಗೆ ಹೋಗಿ. ರೇಬಿಸ್‌ನ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಯುವವರು ಇಲ್ಲವೆಂದೇ ಹೇಳಬೇಕು. ಅದಕ್ಕೆ ಮುಂಚೆ ಹಾಕಿಸಿದ ಲಸಿಕೆ ಜೀವ ಉಳಿಸುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಅದಕ್ಕೆ ಹಣ ಕೊಡಬೇಕಿಲ್ಲ. ಗಾಯ ಆಳವಾಗಿದ್ದರೆ ಗಾಯದ ಸುತ್ತಲೂ ಇನ್ನೊಂದು ಔಷಧ ಚುಚ್ಚುತ್ತಾರೆ, ಅದನ್ನೂ ಕೇಳಿ ಹಾಕಿಸಿಕೊಳ್ಳಿ. ಲಸಿಕೆಯ ಕೊನೆಯ ಸರದಿ 28ನೇ ದಿನಕ್ಕೆ ಬರುತ್ತದೆ. ಅಷ್ಟರಲ್ಲಿ ಗಾಯ ಮಾಸಿ ಮನೆಮಂದಿಗೆಲ್ಲ ಮರೆತಿರುತ್ತದೆ. ಮೊದಲ ಸೂಜಿ ಹಾಕಿಸಿಕೊಂಡು ಬಂದ ದಿನವೇ ಗೋಡೆಯ ಕ್ಯಾಲೆಂಡರಿನಲ್ಲಿ ಎಲ್ಲ ದಿನಗಳಿಗೂ ಕೆಂಪು ಗುರುತು ಹಾಕಿಬಿಡಿ.