ಕಣಜ ಮನೆಯಲ್ಲಿರಲಿ, ಕೀಲಿಕೈ ಜೊತೆಯಲ್ಲಿರಲಿ

ಮಲೆನಾಡಿನವರಿಗೆ ಸಂಗ್ರಹವೆಂಬುದು ಹೊಸ ವಿದ್ಯೆಯಲ್ಲ. ಮಳೆಗಾಲ ಕಾಲಿಡುವ ಮುನ್ನ ಸೌದೆ ಕೊಟ್ಟಿಗೆಯನ್ನು ಸೇರಬೇಕು, ಹಪ್ಪಳ ಸಂಡಿಗೆಗಳು ಡಬ್ಬಿಗಳನ್ನು ತುಂಬಬೇಕು, ಅಪ್ಪೆಮಿಡಿ ಜಾಡಿಯೊಳಗೆ ಉಪ್ಪುನೀರಿನಲ್ಲಿ ಮುಳುಗಿರಬೇಕು. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಹೊಸನಗರ ತಾಲ್ಲೂಕಿನ ಹುಲಿಕಲ್ಲೂ ಮಳೆಗೆ ಹೆಸರಾದ ಊರೇ. ಅಂಥ ಸೀಮೆಯಲ್ಲಿ ದಿನದಿನದ ಅಂಗಡಿಯನ್ನೇ ನೆಚ್ಚಿ ಯಾರೂ ಸಂಸಾರ ಹೂಡಲಿಲ್ಲ. ಆದರೆ ಅದೇ ಜನ ಇಂದು ತಮ್ಮ ಭಾವಚಿತ್ರ, ಪಾಠ, ಹಾಡು, ಚಲನಚಿತ್ರಗಳ ವಿಷಯದಲ್ಲಿ ಮಾತ್ರ ಹಿರಿಯರ ಈ ವಿವೇಕವನ್ನು ಬದಿಗಿಟ್ಟು, ಬೇಕೆನಿಸಿದಾಗಲೆಲ್ಲ ದೂರದ ಅಂಗಡಿಗೆ ಓಡುತ್ತಿದ್ದಾರೆ. ಅಂತರಜಾಲವು ಹಾದಿಯೇ ಹೊರತು ಕಣಜವಲ್ಲ. ಕಣಜವು ಮನೆಯಲ್ಲಿಯೇ ಇರತಕ್ಕದ್ದು ಎಂಬುದು ಈ ಲೇಖನದ ವಾದ.

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಜಾಲಸಂಪರ್ಕದ ಅವಸ್ಥೆ ಎಲ್ಲರಿಗೂ ತಿಳಿದದ್ದೇ. 2020ರಲ್ಲಿ ಕೋವಿಡ್ ಸಾಂಕ್ರಾಮಿಕದಿಂದ ಶಾಲೆಗಳು ಮುಚ್ಚಿ, ಪಾಠಗಳು ಫೋನಿಗೆ ಬಂದಾಗ, ಸಿಗ್ನಲನ್ನು ಅರಸಿಕೊಂಡು ಮಕ್ಕಳು ಗುಡ್ಡಗಳನ್ನು ಹತ್ತಿದರು. 2021ರಲ್ಲಿ ಸಾಗರ, ಹೊಸನಗರ ಭಾಗದ ಹಳ್ಳಿಗಳಲ್ಲಿ ‘ನೋ ನೆಟ್‌ವರ್ಕ್, ನೋ ವೋಟಿಂಗ್’ ಎಂಬ ಚಳವಳಿಯೇ ಹುಟ್ಟಿತು. 1964ರಲ್ಲಿ ಸಿದ್ಧವಾದ ಲಿಂಗನಮಕ್ಕಿ ಅಣೆಕಟ್ಟಿಗಾಗಿ ಗದ್ದೆ ತೋಟಗಳನ್ನು ನೀರಿಗೊಪ್ಪಿಸಿ ನಾಡಿಗೆಲ್ಲ ಬೆಳಕನ್ನಿತ್ತ ಸೀಮೆಯವರು, ಒಂದು ಗೋಪುರಕ್ಕಾಗಿ ಮತವನ್ನೇ ಹಾಕೆವೆಂದು ಹೇಳಬೇಕಾಗಿ ಬಂದುದು ವಿಷಾದದ ಸಂಗತಿ. ಗೋಪುರಗಳನ್ನು ಕೇಳುವುದು ನ್ಯಾಯವಾದ ಬೇಡಿಕೆ, ಅದನ್ನು ಬಿಡಬೇಕಾಗಿಲ್ಲ. ಆದರೆ ಗೋಪುರ ಬಂದರೆ ಸಂಗ್ರಹದ ಅಗತ್ಯ ತೀರಿತೆಂದು ತಿಳಿಯುವುದು ಸರಿಯಲ್ಲ. ಶರಾವತಿ ಹಿನ್ನೀರಿನ ಆಚೆಯ ತುಮರಿ ಸೀಮೆಯವರು 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆಯ ಉದ್ಘಾಟನೆಯಾಗುವವರೆಗೆ ಲಾಂಚನ್ನು ಕಾಯುತ್ತಿದ್ದರು. ಸೇತುವೆ ಬಂದಿತೆಂದು ಯಾರಾದರೂ ಮನೆಯ ಅಕ್ಕಿಯ ಡಬ್ಬವನ್ನು ಹೊರಗೆಸೆದರೇ?

ಒಂದು ಸರಳವಾದ ಲೆಕ್ಕವನ್ನು ನೋಡೋಣ. ಸ್ಪಷ್ಟವಾದ ಚಿತ್ರವೊಂದು ತೆರೆಯ ಮೇಲೆ ತಡೆಯಿಲ್ಲದೆ ಓಡಲು ಸೆಕೆಂಡಿಗೆ 5 ಮೆಗಾಬಿಟ್‌ನಷ್ಟು ಮಾಹಿತಿ ಬೇಕೆಂದು ಇಟ್ಟುಕೊಳ್ಳಿ. ಎರಡು ಗಂಟೆಗೆ 7,200 ಸೆಕೆಂಡುಗಳು. ಒಟ್ಟು 36,000 ಮೆಗಾಬಿಟ್. ಎಂಟು ಬಿಟ್ ಸೇರಿ ಒಂದು ಬೈಟ್ ಆಗುವುದರಿಂದ ಇದು 4,500 ಮೆಗಾಬೈಟ್, ಅಂದರೆ 4.5 ಗಿಗಾಬೈಟ್. ಮನೆಯ ಸಂಪರ್ಕದ ವೇಗ ಸೆಕೆಂಡಿಗೆ 2 ಮೆಗಾಬಿಟ್ ಮಾತ್ರವಾಗಿದ್ದರೆ, ಈ ಚಿತ್ರವನ್ನು ನೇರವಾಗಿ ನೋಡಹೊರಟವನಿಗೆ ಅದು ನಿಂತು ನಿಂತು ಬರುವುದಷ್ಟೇ. ಆದರೆ ಅದೇ ಬಡ ಸಂಪರ್ಕವು 18,000 ಸೆಕೆಂಡುಗಳಲ್ಲಿ, ಎಂದರೆ ಐದು ಗಂಟೆಗಳಲ್ಲಿ, ಇಡೀ ಚಿತ್ರವನ್ನು ತಂದು ಮನೆಯಲ್ಲಿ ಇಳಿಸಬಲ್ಲುದು. ನಾವು ನಿದ್ರಿಸುತ್ತಿರುವಾಗ ಈ ಕೆಲಸ ಮುಗಿದಿರುತ್ತದೆ. ಆಮೇಲೆ ಅದನ್ನು ಹತ್ತು ಸಲ ನೋಡಿದರೂ ಹೊರಗಿನ ಸಂಪರ್ಕದ ಮೇಲೆ ಒಂದು ಬಿಟ್‌ನಷ್ಟೂ ಭಾರವಿಲ್ಲ. ಸಣ್ಣ ತೊರೆಯಿಂದಲೂ ರಾತ್ರಿಯೆಲ್ಲ ಹರಿಸಿದರೆ ತೊಟ್ಟಿ ತುಂಬುತ್ತದೆ; ತೋಟದ ಮನೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಈ ತೊಟ್ಟಿಯ ಕೆಲಸವನ್ನು ಮಾಡುವ ಯಂತ್ರವನ್ನು ‘ನ್ಯಾಸ್’ ಎಂದು ಕರೆಯುತ್ತಾರೆ. ನಾವು ಅದನ್ನು ಗೃಹಭಂಡಾರವೆನ್ನೋಣ. ಅದರಲ್ಲಿ ಮಾಯಾಮಂತ್ರವೇನೂ ಇಲ್ಲ. ಒಂದು ಸಣ್ಣ ಗಣಕಯಂತ್ರ, ಒಂದೆರಡು ಹಾರ್ಡ್ ಡಿಸ್ಕುಗಳು, ರೂಟರಿಗೆ ಜೋಡಿಸುವ ಒಂದು ತಂತಿ, ಇಷ್ಟೆ. ಮೂಲೆಗೆ ಬಿದ್ದ ಹಳೆಯ ಗಣಕವನ್ನೂ ಇದಕ್ಕೆ ಹೊಂದಿಸಿಕೊಳ್ಳಬಹುದು. ಮನೆಯೊಳಗಿನ ಫೋನು, ದೂರದರ್ಶನ, ಭಂಡಾರ ಇವುಗಳಿಗೆಲ್ಲ ರೂಟರು ಒಂದೊಂದು ವಿಳಾಸವನ್ನು ಹಂಚುತ್ತದೆ. ಅನೇಕ ಮನೆಗಳಲ್ಲಿ ಈ ವಿಳಾಸ 192.168 ಎಂದು ಮೊದಲಾಗುತ್ತದೆ. ಇಂಥ ಕೆಲವು ಸಂಖ್ಯೆಗಳನ್ನು ಖಾಸಗಿ ಬಳಕೆಗೆಂದೇ ಮೀಸಲಿಡಬೇಕೆಂಬ ಒಪ್ಪಂದದ ಇಂದಿನ ರೂಪ 1996ರಲ್ಲಿ ಪ್ರಕಟವಾಯಿತು. ವಿದ್ಯಾರ್ಥಿಗಳು ಇಲ್ಲಿ ಗಮನಿಸಬೇಕಾದ ಅಂಶವೊಂದುಂಟು. ಮನೆಯೊಳಗಿನ ಈ ಜಾಲಕ್ಕೆ ಹೊರಗಿನ ಅಂತರಜಾಲದ ಹಂಗಿಲ್ಲ. ಮರ ಬಿದ್ದು ಹೊರಗಿನ ಕೇಬಲ್ಲು ತುಂಡಾದರೂ, ರೂಟರಿಗೆ ವಿದ್ಯುತ್ತಿದ್ದರೆ ಸಾಕು. ಭಂಡಾರದ ಚಿತ್ರ ದೂರದರ್ಶನದ ತೆರೆಯ ಮೇಲೆ ಬಂದೇ ಬರುತ್ತದೆ.

ಭಂಡಾರದಲ್ಲಿ ಜೆಲ್ಲಿಫಿನ್‌ನಂಥ ಒಂದು ತಂತ್ರಾಂಶವನ್ನು ನೆಲೆಗೊಳಿಸಿದರೆ ಅದು ಕಡತಗಳಿಗೆ ಹೆಸರು ಹಚ್ಚಿ, ಸಾಲಾಗಿ ಜೋಡಿಸಿ, ಕೇಳಿದ ಉಪಕರಣಕ್ಕೆ ಬಡಿಸುತ್ತದೆ. 2018ರಲ್ಲಿ ಮೊದಲಾದ ಈ ತಂತ್ರಾಂಶ ಮುಕ್ತವಾದದ್ದು, ಅದಕ್ಕೆ ಬೆಲೆಯಿಲ್ಲ. ದೂರದರ್ಶನಕ್ಕೆ ಸಿಕ್ಕಿಸುವ ಕಡ್ಡಿಯಲ್ಲೂ ಫೋನಿನಲ್ಲೂ ಅದರ ಜೊತೆಯ ಆ್ಯಪನ್ನು ಹಾಕಿ, ಭಂಡಾರದ ವಿಳಾಸವನ್ನು ಕೊಟ್ಟರಾಯಿತು. ಆದರೂ ಎಷ್ಟೋ ಮನೆಗಳಲ್ಲಿ ‘ಭಂಡಾರ ಕಾಣಿಸುತ್ತಿಲ್ಲ’ ಎಂಬ ದೂರು ಕೇಳಿಬರುತ್ತದೆ. ಕಾರಣ ಹೆಚ್ಚಾಗಿ ಮನೆಯ ರಚನೆಯಲ್ಲಿರುತ್ತದೆ. ನಮ್ಮ ಹಳೆಯ ಮನೆಗಳ ಮಣ್ಣಿನ ಹಾಗೂ ಜಂಬಿಟ್ಟಿಗೆಯ ದಪ್ಪ ಗೋಡೆಗಳನ್ನು ವೈ-ಫೈ ಅಲೆಗಳು ಸುಲಭವಾಗಿ ದಾಟಲಾರವು. ಆದುದರಿಂದ ಜಗಲಿಗೊಂದು, ಒಳಗಿನ ಕೋಣೆಗೊಂದು ರೂಟರನ್ನು ಇಡುತ್ತಾರೆ. ಎರಡನೆಯ ರೂಟರು ತನ್ನದೇ ಬೇರೆ ಜಾಲವನ್ನು ಕಟ್ಟಿಕೊಂಡರೆ, ಒಂದೇ ಸೂರಿನ ಕೆಳಗೆ ಎರಡು ಒಲೆ ಹೂಡಿದಂತಾಗುತ್ತದೆ. ಇತ್ತಲಿನದು ಅತ್ತಲಿನದಕ್ಕೆ ಕಾಣಿಸದು. ಎರಡನೆಯದನ್ನು ಕೇವಲ ಅಲೆ ಹರಡುವ ಕೆಲಸಕ್ಕೆ ಇಟ್ಟು, ವಿಳಾಸ ಹಂಚುವ ಕೆಲಸವನ್ನು ಮೊದಲನೆಯದಕ್ಕೆ ಬಿಟ್ಟರೆ ತೊಡಕು ನಿವಾರಣೆಯಾಗುತ್ತದೆ.

ಇಲ್ಲಿಯವರೆಗಿನದು ಮನೆಯೊಳಗಿನ ಮಾತಾಯಿತು. ಇನ್ನು ಮನೆಯ ಹೊರಗಿನಿಂದ ಭಂಡಾರವನ್ನು ಮುಟ್ಟುವ ಬಗೆ. ಶಿವಮೊಗ್ಗದ ವಿದ್ಯಾರ್ಥಿನಿಲಯದಲ್ಲಿರುವ ತಂಗಿಯೂ ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಅಣ್ಣನೂ ಊರಿನ ಮನೆಯ ಚಿತ್ರಗಳನ್ನು ನೋಡಬಯಸುವುದು ಸಹಜ. ಇಲ್ಲಿ ಮೊದಲ ಅಡ್ಡಿಯೆಂದರೆ ವಿಳಾಸಗಳ ಕೊರತೆ. ಅಂತರಜಾಲದ ಹಳೆಯ ವಿಳಾಸಪದ್ಧತಿಯು 32 ಬಿಟ್‌ಗಳದು. ಅದರಲ್ಲಿ ಸುಮಾರು 429 ಕೋಟಿ ವಿಳಾಸಗಳಷ್ಟೇ ಸಾಧ್ಯ. ಜಗತ್ತಿನ ಜನಸಂಖ್ಯೆಯೇ 800 ಕೋಟಿಯನ್ನು ಮೀರಿದೆ. ಆದುದರಿಂದ ಎಷ್ಟೋ ಸಂಪರ್ಕದಾರರು ಹಲವು ಮನೆಗಳಿಗೆ ಸೇರಿ ಒಂದೇ ಹೊರವಿಳಾಸವನ್ನು ಕೊಡುತ್ತಾರೆ. ಹೊರಗಿನಿಂದ ಬಂದ ಕರೆ ಯಾವ ಮನೆಗೆ ಸೇರಿದ್ದೆಂದು ತಿಳಿಯದೆ ಅಲ್ಲಿಯೇ ನಿಂತುಬಿಡುತ್ತದೆ. 128 ಬಿಟ್‌ಗಳ ಹೊಸ ವಿಳಾಸಪದ್ಧತಿ ಇರುವಲ್ಲಿ ಈ ತೊಂದರೆಯಿಲ್ಲ.

ಎರಡನೆಯದು ಅಡ್ಡಿಯಲ್ಲ, ಅಪಾಯ. ರೂಟರಿನಲ್ಲಿ ಒಂದು ಬಾಗಿಲನ್ನು ತೆರೆದು ಭಂಡಾರವನ್ನು ನೇರವಾಗಿ ಲೋಕಕ್ಕೆ ಒಡ್ಡುವ ಸುಲಭೋಪಾಯವನ್ನು ಹಲವರು ಹೇಳಿಕೊಡುತ್ತಾರೆ. ಅದರ ಫಲವನ್ನು ಜಗತ್ತು ಕಂಡಿದೆ. 2021ರ ಜೂನ್ ತಿಂಗಳಲ್ಲಿ ವೆಸ್ಟರ್ನ್ ಡಿಜಿಟಲ್ ಕಂಪನಿಯ ‘ಮೈ ಬುಕ್ ಲೈವ್’ ಎಂಬ ಗೃಹಭಂಡಾರಗಳನ್ನು ದೂರದಿಂದಲೇ ಯಾರೋ ಅಳಿಸಿಹಾಕಿದರು. ವರ್ಷಗಳ ಭಾವಚಿತ್ರಗಳನ್ನು ಕಳೆದುಕೊಂಡವರು ಅನೇಕರು. ಆ ಯಂತ್ರಗಳ ತಂತ್ರಾಂಶವನ್ನು ಸರಿಪಡಿಸುವ ಕೆಲಸ 2015ರಲ್ಲಿಯೇ ನಿಂತುಹೋಗಿತ್ತು. 2022ರ ಜನವರಿಯಲ್ಲಿ ‘ಡೆಡ್‌ಬೋಲ್ಟ್’ ಎಂಬ ದುಷ್ಟ ತಂತ್ರಾಂಶವು ಕ್ಯೂನ್ಯಾಪ್ ಕಂಪನಿಯ ಭಂಡಾರಗಳನ್ನು ಹೊಕ್ಕು, ಕಡತಗಳಿಗೆ ಬೀಗ ಜಡಿದು, ಬಿಡುಗಡೆಗೆ ಹಣ ಕೇಳಿತು. ಹಗಲೂ ರಾತ್ರಿಯೂ ಬಾಗಿಲನ್ನು ತೆರೆದಿಟ್ಟ ಕಣಜಕ್ಕೆ ಹೆಗ್ಗಣ ನುಗ್ಗಿದರೆ ಆಶ್ಚರ್ಯವೇನು?

ಸರಿಯಾದ ಉಪಾಯವೆಂದರೆ ವಿ.ಪಿ.ಎನ್. ಹೊರಗಿರುವ ಫೋನಿಗೂ ಮನೆಯ ಜಾಲಕ್ಕೂ ನಡುವೆ ಇದೊಂದು ಗುಪ್ತಲಿಪಿಯ ಸುರಂಗವನ್ನು ಕಟ್ಟುತ್ತದೆ. ಒಳಗೆ ಹೋಗುವುದನ್ನು ದಾರಿಯಲ್ಲಿದ್ದವರು ಓದಲಾರರು. ಈ ಜಾತಿಯ ತಂತ್ರಾಂಶಗಳಲ್ಲಿ ‘ವೈರ್‌ಗಾರ್ಡ್’ ಎಂಬುದು 2020ರ ಮಾರ್ಚಿನಲ್ಲಿ ಲಿನಕ್ಸಿನ ಮೂಲಭಾಗಕ್ಕೇ ಸೇರಿತು. ಅದರಲ್ಲಿ ಪ್ರತಿ ಉಪಕರಣಕ್ಕೂ ಎರಡು ಕೀಲಿಗಳಿವೆ. ಒಂದು ಉಪಕರಣವನ್ನು ಬಿಟ್ಟು ಹೊರಡದ ರಹಸ್ಯದ ಕೀಲಿ. ಇನ್ನೊಂದು ಎದುರಿನವರಿಗೆ ಕೊಡಬಹುದಾದ ಬಹಿರಂಗ ಕೀಲಿ. ಮನೆಯ ಯಂತ್ರವು ತನಗೆ ಪರಿಚಯವಾದ ಕೀಲಿಗಳನ್ನಲ್ಲದೆ ಬೇರೆ ಯಾರನ್ನೂ ಒಳಗೆ ಬಿಡದು. ಅಪರಿಚಿತನು ಕದ ತಟ್ಟಿದರೆ, ಒಳಗೆ ಯಾರಾದರೂ ಇದ್ದಾರೆಯೆ ಎಂಬುದೂ ತಿಳಿಯದಂತೆ ಸುಮ್ಮನಿರುತ್ತದೆ. ಮನೆಗೆ ಪ್ರತ್ಯೇಕವಾದ ಹೊರವಿಳಾಸವಿಲ್ಲದಿದ್ದರೆ, ಫೋನೂ ಮನೆಯ ಯಂತ್ರವೂ ತಾವಾಗಿ ಹೊರಟು ಮಧ್ಯಸ್ಥ ಸೇವೆಯೊಂದರ ಮೂಲಕ ಸಂಧಿಸುವ ಏರ್ಪಾಡೂ ಉಂಟು. ಫೋನು ಕಳೆದುಹೋದರೆ ಆ ಒಂದು ಕೀಲಿಯನ್ನು ಪಟ್ಟಿಯಿಂದ ತೆಗೆದುಹಾಕಿದರಾಯಿತು.

ಆದರೆ ವಿ.ಪಿ.ಎನ್. ವೇಗವನ್ನು ಹುಟ್ಟಿಸಲಾರದು. ಹೊರಗಿದ್ದು ನೋಡುವವನಿಗೆ ಮಾಹಿತಿ ಮನೆಯಿಂದ ಹೊರಕ್ಕೆ ಹರಿದು ಬರಬೇಕು. ಆ ಹೊರಹರಿವು ಸೆಕೆಂಡಿಗೆ 2 ಮೆಗಾಬಿಟ್ ಇದ್ದರೆ 5 ಮೆಗಾಬಿಟ್ಟಿನ ಚಿತ್ರ ಬಾರದು. ಭಂಡಾರವೇ ಅದನ್ನು ಚಿಕ್ಕ ಅಳತೆಗೆ ಕುಗ್ಗಿಸಿ ಕಳುಹಿಸಬೇಕು. ವಿ.ಪಿ.ಎನ್. ಎಂಬ ಹೆಸರಿನಲ್ಲಿ ತಿಂಗಳ ಬಾಡಿಗೆಗೆ ಸಿಗುವ ಸೇವೆಗಳು ಬೇರೆ ಜಾತಿಯವು. ಅವುಗಳ ಸುರಂಗ ನಮ್ಮ ಮನೆಗೆ ಬರುವುದಿಲ್ಲ. ಆ ಕಂಪನಿಯ ಯಂತ್ರದಲ್ಲಿ ಮುಗಿಯುತ್ತದೆ. ಅದನ್ನು ತೊಟ್ಟವನು ಅದೃಶ್ಯನಾಗುತ್ತಾನೆಂಬುದು ಭ್ರಮೆ. ಅಂಥ ಸೇವೆಗಳು ಗ್ರಾಹಕರ ವಿವರಗಳನ್ನು ಕನಿಷ್ಠ 5 ವರ್ಷ ಕಾಯ್ದಿಡಬೇಕೆಂದು ಭಾರತದ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್ 28ರಂದು ನಿರ್ದೇಶನವನ್ನು ಹೊರಡಿಸಿತು.

ಈ ವಾದಕ್ಕೆ ಒಂದು ಬಲವಾದ ಆಕ್ಷೇಪವುಂಟು. ದೊಡ್ಡ ಕಂಪನಿಗಳ ಭಂಡಾರಗಳಲ್ಲಿ ಕಾವಲಿದೆ, ತಂಪು ಕೋಣೆಯಿದೆ, ನುರಿತವರಿದ್ದಾರೆ. ಸಿಡಿಲು ಬಡಿಯುವ, ಗೋಡೆಗೆ ಬೂಸಲು ಹಿಡಿಯುವ ಮಲೆನಾಡಿನ ಮನೆಯಲ್ಲಿ ಡಿಸ್ಕು ಎಷ್ಟು ದಿನ ಬಾಳೀತು ಎಂದು ಕೇಳಬಹುದು. ಆಕ್ಷೇಪ ನಿಜವಾದದ್ದೇ. ಎರಡು ಡಿಸ್ಕುಗಳಲ್ಲಿ ಒಂದೇ ಬರಹವನ್ನು ಇಡುವ ‘ರೇಡ್’ ಪದ್ಧತಿ ಒಂದು ಡಿಸ್ಕು ಕೆಟ್ಟಾಗ ಕಾಪಾಡುತ್ತದೆ. ಸಿಡಿಲು ಎರಡನ್ನೂ ಸುಟ್ಟರೆ, ಕಳ್ಳನು ಪೆಟ್ಟಿಗೆಯನ್ನೇ ಒಯ್ದರೆ, ನಾವೇ ಕಡತವನ್ನು ಅಳಿಸಿದರೆ ಕಾಪಾಡದು. ಆದುದರಿಂದ ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಊರಿನಲ್ಲಿ ಎಂಬ ನಿಯಮವನ್ನು ಅನುಭವಿಗಳು ಪಾಲಿಸುತ್ತಾರೆ. ಆ ಬೇರೆ ಊರಿನ ಪ್ರತಿ ಕಂಪನಿಯ ಭಂಡಾರದಲ್ಲಿಯೇ ಇರಲಿ, ಬೇಡವೆಂದವರಾರು? ಸಾಗರದ ಮನೆಯೊಂದರ ಪ್ರತಿ ತೀರ್ಥಹಳ್ಳಿಯ ನೆಂಟರ ಮನೆಯಲ್ಲಿಯೂ ಇರಬಹುದು, ವಿ.ಪಿ.ಎನ್. ಇರುವಾಗ ಅದು ರಾತ್ರಿ ತಾನಾಗಿ ಸಾಗುತ್ತದೆ. ದೂರದ ಪ್ರತಿ ಆಪತ್ತಿಗೆ, ಹತ್ತಿರದ ಪ್ರತಿ ನಿತ್ಯಕ್ಕೆ. ದೂರದ್ದೊಂದೇ ಇದ್ದು ಹತ್ತಿರ ಏನೂ ಇಲ್ಲದಿರುವುದು ತಪ್ಪು.

ಖರ್ಚಿನ ಮಾತನ್ನೂ ಮುಚ್ಚಿಡಬಾರದು. 20 ವಾಟ್ ವಿದ್ಯುತ್ತನ್ನು ಬಳಸುವ ಭಂಡಾರವು ದಿನಕ್ಕೆ 0.48 ಯೂನಿಟ್, ತಿಂಗಳಿಗೆ 14 ಯೂನಿಟ್ಟಿನಷ್ಟು ಕಬಳಿಸುತ್ತದೆ. ಯಂತ್ರದ ಬೆಲೆ, ಯು.ಪಿ.ಎಸ್., ಕೆಲವು ವರ್ಷಗಳಿಗೊಮ್ಮೆ ಹೊಸ ಡಿಸ್ಕು ಇವೆಲ್ಲ ಇದ್ದೇ ಇವೆ. ಪ್ರತಿ ಮನೆಗೂ ಇದು ಎಟುಕದು. ಆದರೆ ಒಂದು ಶಾಲೆಗೆ, ಒಂದು ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ ಇದು ದೊಡ್ಡ ಹೊರೆಯಲ್ಲ. 2020ರಲ್ಲಿ ಗುಡ್ಡ ಹತ್ತಿದ ಮಕ್ಕಳ ಶಾಲೆಗಳಲ್ಲಿ ಇಂಥದೊಂದು ಪೆಟ್ಟಿಗೆಯಿದ್ದು, ಪಾಠಗಳನ್ನು ರಾತ್ರಿ ತರಿಸಿ ಬೆಳಗ್ಗೆ ಫೋನುಗಳಿಗೆ ತುಂಬಿಸಿ ಕಳುಹಿಸಿದ್ದರೆ, ಬಹುಮಟ್ಟಿಗೆ ಗುಡ್ಡ ಹತ್ತುವ ಕಷ್ಟ ತಪ್ಪುತ್ತಿತ್ತು. ಗೋಪುರಕ್ಕಾಗಿ ಹೋರಾಡಿದವರು ಈ ಪೆಟ್ಟಿಗೆಯನ್ನೂ ಕೇಳಬೇಕೆಂಬುದು ನನ್ನ ಅಭಿಪ್ರಾಯ.

ಕೊನೆಯದಾಗಿ, ಕಣಜದಲ್ಲಿ ಏನಿರಬೇಕು? ಪರರ ಹಕ್ಕಿನ ಚಲನಚಿತ್ರಗಳನ್ನು ಕದ್ದು ತುಂಬುವುದಕ್ಕಲ್ಲ ಈ ವಿದ್ಯೆ. ಕಂಪನಿಯ ಭಂಡಾರದಲ್ಲಿ ಎಂದೂ ಸಿಗಲಾರದ ವಸ್ತುಗಳು ನಮ್ಮಲ್ಲಿವೆ. ಕೆಳದಿಯ ವಸ್ತುಸಂಗ್ರಹಾಲಯದಲ್ಲಿ ತಾಳೆಗರಿಗಳನ್ನು ಕಾಪಾಡಿದವರು, 1949ರಲ್ಲಿ ಹೆಗ್ಗೋಡಿನಂಥ ಹಳ್ಳಿಯಲ್ಲಿ ನೀನಾಸಮನ್ನು ಕಟ್ಟಿದವರು, ಒಳ್ಳೆಯದೆಲ್ಲ ದೂರದ ಪಟ್ಟಣದಿಂದಲೇ ಬರಬೇಕೆಂದು ಕಾದು ಕುಳಿತವರಲ್ಲ. ಅಜ್ಜಿಯ ಹಸೆಹಾಡು, ಊರ ದೇವಸ್ಥಾನದಲ್ಲಿ ಒಂದು ರಾತ್ರಿ ನಡೆದ ತಾಳಮದ್ದಲೆ, ಮುಳುಗಡೆಯ ಮುಂಚಿನ ಮನೆಯ ಚಿತ್ರ, ಜಮೀನಿನ ಹಳೆಯ ಕಾಗದಪತ್ರ, ಇವೆಲ್ಲ ಇಂದು ಯಾರದೋ ಒಂದು ಫೋನಿನಲ್ಲಿ ಮಾತ್ರ ಇವೆ. ಆ ಫೋನು ನೀರಿಗೆ ಬಿದ್ದ ದಿನ ಅವು ಇಲ್ಲವಾಗುತ್ತವೆ. ವಿದ್ಯಾರ್ಥಿಗಳು ಮುಂದಿನ ರಜೆಯಲ್ಲಿ ಮನೆಯ ಫೋನುಗಳಲ್ಲಿರುವುದನ್ನೆಲ್ಲ ಒಂದು ಡಿಸ್ಕಿಗೆ ಇಳಿಸಲಿ, ಅದರ ಪ್ರತಿಯೊಂದನ್ನು ಬೇರೆ ಊರಿನ ನೆಂಟರಲ್ಲಿಡಲಿ. ವಿ.ಪಿ.ಎನ್. ಆಮೇಲೆ ಕಲಿಯಬಹುದು. ಮೊದಲ ಕೆಲಸ ಮುಂಗಾರಿಗೆ ಮುಂಚೆ ಮುಗಿಯಲಿ.