ಬ್ರೂಟ್ ವೈನ್ ಡಿಸೆಂಬರ್ 31ಕ್ಕೆ ಮಾತ್ರವೇ?

ಮುಂಬಯಿ, ಪುಣೆಗಳಲ್ಲಿ ನಮ್ಮವರು ನಡೆಸುವ ಫ್ಯಾಮಿಲಿ ರೆಸ್ಟೋರೆಂಟ್ ಮತ್ತು ಪರ್ಮಿಟ್ ರೂಮುಗಳ ಮೆನು ಕಾರ್ಡ್ ತೆರೆದು ನೋಡಿ. ವಿಸ್ಕಿ, ರಮ್, ಬಿಯರ್‌ಗಳಿಗೆ ಪುಟ ತುಂಬ ಜಾಗ, ವೈನಿಗೆ ಕೊನೆಯಲ್ಲಿ ಎರಡು ಸಾಲು. ಅದರಲ್ಲೂ ಗುಳ್ಳೆ ಏಳುವ ಸ್ಪಾರ್ಕ್ಲಿಂಗ್ ವೈನ್ ಎಂದರೆ ಹೊಸ ವರ್ಷದ ರಾತ್ರಿಗೆಂದು ತರಿಸಿ, ಉಳಿದ ಬಾಟ್ಲಿಗಳನ್ನು ದೀಪದ ಬಿಸಿ ತಾಗುವ ಮೇಲಿನ ಶೆಲ್ಫಿನಲ್ಲಿ ನಿಲ್ಲಿಸಿ ಮರೆತುಬಿಡುವ ಸರಕು. ಇದರಿಂದ ನಷ್ಟ ನಮಗೇ ಎಂಬುದು ನನ್ನ ಅಭಿಪ್ರಾಯ. ಶುದ್ಧ ಸಸ್ಯಾಹಾರಿ ಹೋಟೆಲ್ ನಡೆಸುವ ಸದಸ್ಯ ಬಾಂಧವರಿಗೆ ಈ ಮಾತು ಅನ್ವಯಿಸದು. ಪರವಾನಗಿ ಪಡೆದು ಮದ್ಯ ಮಾರುವವರು ದಯವಿಟ್ಟು ಗಮನಿಸಬೇಕು.

ಈ ವೈನ್ ಈಗ ದೂರದ ವಸ್ತುವಲ್ಲ. ಪುಣೆ ಜಿಲ್ಲೆಯ ನಾರಾಯಣಗಾಂವ್‌ನಲ್ಲಿ 1980ರ ದಶಕದಲ್ಲೇ ಸ್ಪಾರ್ಕ್ಲಿಂಗ್ ವೈನ್ ತಯಾರಾಗುತ್ತಿತ್ತು. ಅನಂತರ ನಾಸಿಕ್‌ನ ಸುಲಾ ಬ್ರೂಟ್ ಬಂತು. 2013ರಲ್ಲಿ ಫ್ರಾನ್ಸಿನ ಮೊಯೆ ಹೆನೆಸಿ ಸಂಸ್ಥೆ ನಾಸಿಕ್ ಜಿಲ್ಲೆಯ ದಿಂಡೋರಿಯ ಶಾಂಡನ್ ಬ್ರೂಟ್ ಅನ್ನು ಮಾರುಕಟ್ಟೆಗೆ ತಂದಿತು. ಇವುಗಳನ್ನು ಮೆನುವಿನಲ್ಲಿ 'ಶಾಂಪೇನ್' ಎಂದು ಅಚ್ಚು ಹಾಕಿಸುವುದು ಮಾತ್ರ ತಪ್ಪು. ಆ ಹೆಸರು ಫ್ರಾನ್ಸಿನ ಶಾಂಪೇನ್ ಪ್ರಾಂತ್ಯದ ವೈನಿಗೆ ಮಾತ್ರ ಸಲ್ಲುತ್ತದೆ.

ಇದರ ತಯಾರಿಕೆ ಇಡ್ಲಿ ಹಿಟ್ಟು ಉಬ್ಬಿಸುವ ನಮಗೆ ಸುಲಭವಾಗಿ ಅರ್ಥವಾಗುವಂಥದ್ದು. ಸಿದ್ಧವಾದ ವೈನಿಗೆ ಸ್ವಲ್ಪ ಸಕ್ಕರೆ, ಯೀಸ್ಟ್ ಸೇರಿಸಿ ಬಾಟ್ಲಿಯಲ್ಲೇ ಮತ್ತೊಮ್ಮೆ ಹುದುಗಲು ಬಿಡುತ್ತಾರೆ. ಹೊರಹೋಗಲು ದಾರಿಯಿಲ್ಲದ ಅನಿಲ ವೈನಿನಲ್ಲೇ ಕರಗಿ ಉಳಿಯುತ್ತದೆ. ಮುಚ್ಚಳ ತೆಗೆದಾಗ ಗುಳ್ಳೆಯಾಗಿ ಏಳುವುದು ಅದೇ.

ಬ್ರೂಟ್ ಎಂದರೆ ಸಿಹಿ ಕಡಿಮೆಯಿರುವ, ಡ್ರೈ ಬಗೆ. ಲೀಟರಿಗೆ 12 ಗ್ರಾಂಗಿಂತ ಕಡಿಮೆ ಸಕ್ಕರೆ ಇರುತ್ತದೆ. 'ಎಕ್ಸ್‌ಟ್ರಾ ಡ್ರೈ' ಎಂದು ಲೇಬಲ್ ಇದ್ದರೆ ಅದು ಬ್ರೂಟ್‌ಗಿಂತ ತುಸು ಸಿಹಿ, 12ರಿಂದ 17 ಗ್ರಾಂ. ಹೆಸರು ಕೇಳಿ ಮೋಸ ಹೋಗಬಾರದು. ಸಿಹಿಯನ್ನು ನಿರೀಕ್ಷಿಸಿದ ಗ್ರಾಹಕರು ಬ್ರೂಟ್ ಕುಡಿದು 'ಹುಳಿಯಾಗಿದೆ, ಕೆಟ್ಟಿದೆ' ಎಂದು ಹಿಂದಿರುಗಿಸಿದರೆ ತಪ್ಪು ಅವರದ್ದಲ್ಲ. ಬಾಟ್ಲಿ ತೆರೆಯುವ ಮೊದಲೇ ಅದರ ರುಚಿ ಹೇಗೆಂದು ಹೇಳಬೇಕಾದದ್ದು ನಮ್ಮ ಕ್ಯಾಪ್ಟನ್.

ಇನ್ನು ಊಟದ ಜೋಡಿ. ನಾವು ಇದನ್ನು ಕೇಕ್ ಕತ್ತರಿಸುವಾಗ ಸುರಿಯುತ್ತೇವೆ. ಬಾಯಲ್ಲಿ ಸಿಹಿ ಇರುವಾಗ ಬ್ರೂಟ್ ಬರೀ ಹುಳಿ ಎನಿಸುತ್ತದೆ. ಇದರ ನಿಜವಾದ ಜೋಡಿ ಉಪ್ಪು ಮತ್ತು ಎಣ್ಣೆ. ಕಾಣೆ ರವಾ ಫ್ರೈ, ಅಂಜಲ್ ತವಾ ಫ್ರೈ, ಬೊಂಡಾಸ್, ಗೋಳಿಬಜೆ, ಹುರಿದ ಗೋಡಂಬಿ ಇವೆಲ್ಲ ನಮ್ಮ ಅಡುಗೆಮನೆಯಲ್ಲೇ ಇವೆ. ಹುರಿದ ಮೀನಿನ ಮೇಲೆ ಲಿಂಬೆ ಹಿಂಡುವುದು ಏಕೆ? ಹುಳಿಯು ಎಣ್ಣೆಯ ಜಿಡ್ಡನ್ನು ಕಡಿದು ನಾಲಿಗೆಯನ್ನು ಮುಂದಿನ ತುತ್ತಿಗೆ ಸಿದ್ಧಗೊಳಿಸುತ್ತದೆ. ಈ ವೈನಿನ ಹುಳಿ ಮತ್ತು ಗುಳ್ಳೆ ಮಾಡುವುದೂ ಅದನ್ನೇ. ಆದರೆ ಖಾರದ ಕೋರಿ ಗಸಿ, ಘೀ ರೋಸ್ಟ್ ಜೊತೆ ಕೊಡಬೇಡಿ. ಗುಳ್ಳೆಯೂ ಮದ್ಯವೂ ಸೇರಿ ಖಾರದ ಉರಿಯನ್ನು ಏರಿಸುತ್ತವೆ. ಅಲ್ಲಿಗೆ ತುಸು ಸಿಹಿ ಇರುವ ವೈನ್ ವಾಸಿ.

ಬಡಿಸುವ ಕ್ರಮದಲ್ಲೇ ಹೆಚ್ಚಿನವರು ಸೋಲುತ್ತಾರೆ. ಬ್ರೂಟ್ 6ರಿಂದ 8 ಡಿಗ್ರಿ ತಂಪಿರಬೇಕು. ಬಕೆಟಿನಲ್ಲಿ ಬರೀ ಐಸ್ ತುಂಬಿದರೆ ಸಾಲದು, ಅರ್ಧ ಐಸ್, ಅರ್ಧ ನೀರು ಹಾಕಿ ಅರ್ಧ ಗಂಟೆ ಇಡಬೇಕು. ಅವಸರಕ್ಕೆ ಫ್ರೀಜರಿಗೆ ಹಾಕಿ ಮರೆತರೆ ಬಾಟ್ಲಿ ಒಡೆದೀತು. ಒಳಗಿನ ಒತ್ತಡ ಕಾರಿನ ಟೈರಿನ ಎರಡು ಪಟ್ಟಿಗೂ ಹೆಚ್ಚು. ಆದ್ದರಿಂದ ಬಿರಡೆ ಹಾರಿಸುವುದು ಮೋಜಲ್ಲ, ಯಾರದಾದರೂ ಕಣ್ಣು ಹೋಗುವ ಕೆಲಸ. ತಂತಿ ಸಡಿಲಿಸುವಾಗಿನಿಂದಲೇ ಹೆಬ್ಬೆರಳು ಬಿರಡೆಯ ಮೇಲಿರಲಿ. ಬಾಟ್ಲಿಯನ್ನು ಓರೆಯಾಗಿ, ಜನರಿಲ್ಲದ ಕಡೆಗೆ ಹಿಡಿಯಿರಿ. ಬಿರಡೆಯನ್ನು ಗಟ್ಟಿಯಾಗಿ ಹಿಡಿದು ಬಾಟ್ಲಿಯನ್ನು ತಿರುಗಿಸಿ. 'ಉಸ್' ಎಂಬ ಸಣ್ಣ ಸದ್ದು ಬಂದರೆ ಸಾಕು. ಗ್ಲಾಸು ಉದ್ದನೆಯದಾಗಿರಲಿ, ಸಾಬೂನಿನ ಅಂಶವಾಗಲೀ ಜಿಡ್ಡಾಗಲೀ ಉಳಿದಿರಬಾರದು. ಅವು ನೊರೆಯನ್ನು ಕೊಲ್ಲುತ್ತವೆ.

'ಇಡೀ ಬಾಟ್ಲಿ ಯಾರು ತೆಗೆದುಕೊಳ್ಳುತ್ತಾರೆ?' ಎಂಬ ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೇ ಗ್ಲಾಸಿನ ಲೆಕ್ಕದಲ್ಲಿ ಮಾರಬೇಕು. 750 ಮಿ.ಲೀ. ಬಾಟ್ಲಿಯಲ್ಲಿ 125 ಮಿ.ಲೀ.ನ 6 ಗ್ಲಾಸು ಸಿಗುತ್ತದೆ. ಸ್ಪಾರ್ಕ್ಲಿಂಗ್ ವೈನಿಗೆಂದೇ ಬರುವ ಬಿಗಿ ಮುಚ್ಚಳ ಹಾಕಿ ಫ್ರಿಜ್ಜಿನಲ್ಲಿಟ್ಟರೆ ಮರುದಿನಕ್ಕೂ ಗುಳ್ಳೆ ಉಳಿಯುತ್ತದೆ. ಕತ್ತಿನಲ್ಲಿ ಚಮಚ ಇಳಿಬಿಟ್ಟರೆ ಸಾಕೆಂಬ ನಂಬಿಕೆಗೆ ಆಧಾರವಿಲ್ಲ. ಎಷ್ಟಾದರೂ ಇದು ನೂರಕ್ಕೆ ಸುಮಾರು 12 ಪಾಲು ಮದ್ಯಸಾರವಿರುವ ಪಾನೀಯ. ಗಾಡಿ ಓಡಿಸಿ ಮನೆಗೆ ಹೋಗುವವರಿಗೆ ಇದನ್ನು ಮಾರಲೇಬೇಡಿ.

'ನಮ್ಮಲ್ಲಿ ಕೇಳುವವರಿಲ್ಲ' ಎನ್ನುವವರಿಗೆ ಒಂದು ಮಾತು. ಫೋರ್ಟ್ ಭಾಗದ ಲಂಚ್ ಹೋಮುಗಳಲ್ಲಿ ಊರವರಿಗೆಂದು ಬಡಿಸುತ್ತಿದ್ದ ನಮ್ಮ ಕರಾವಳಿಯ ಮೀನಿನೂಟ ಇಂದು ಇಡೀ ಮುಂಬಯಿಯ ನಾಲಿಗೆಗೆ ಹತ್ತಿದೆ. ಕೇಳಿದ್ದಕ್ಕೆ ಕೊಟ್ಟದ್ದಲ್ಲ, ಕೊಟ್ಟು ರುಚಿ ಹತ್ತಿಸಿದ್ದು. ಅದೇ ಮೀನಿನ ಜೊತೆ ಈ ವೈನನ್ನು ಐದು ನಕ್ಷತ್ರದ ಹೋಟೆಲಿನವರು ದುಬಾರಿ ಬೆಲೆಗೆ ಬಡಿಸುತ್ತಿರುವಾಗ ನಾವು ಕೈಕಟ್ಟಿ ಕೂರುವುದು ತರವೇ? ಈ ವಾರ ಒಂದು ಬಾಟ್ಲಿ ಸರಿಯಾಗಿ ತಣಿಸಿ, ಎರಡು ಕಾಣೆ ಹುರಿಸಿ, ಕುಡಿಯುವ ಅಭ್ಯಾಸವಿರುವ ಕ್ಯಾಪ್ಟನ್ ಹಾಗೂ ಅಡುಗೆಯವರೊಡನೆ ಕುಳಿತು ರುಚಿ ನೋಡಿ. ಮೆನುವಿನಲ್ಲಿ ಇದರ ಜಾಗ ಎಲ್ಲಿ ಎಂಬುದನ್ನು ಆಮೇಲೆ ನೀವೇ ತೀರ್ಮಾನಿಸಿ.