ನಗೆಗಾರನ ಮನೆವಾರ್ತೆ

ನಗಿಸುವವನಿಗೆ ಈಚಿನ ವರ್ಷಗಳಲ್ಲಿ ಒಂದು ಹೊಸ ಪದವಿ ದೊರೆತಿದೆ. ಹಿಂದೆ ಅವನು ರಂಗದ ಮೇಲೆ ಬಂದು, ನಗಿಸಿ, ತೆರೆ ಬಿದ್ದೊಡನೆ ಮರೆಯಾಗುತ್ತಿದ್ದನು. ಈಗಲಾದರೋ ಇಬ್ಬರು ಮೂವರು ಹಾಸ್ಯಗಾರರು ಮೈಕಿನ ಮುಂದೆ ಗಂಟೆಗಟ್ಟಲೆ ಕುಳಿತು, ತಮ್ಮ ಕಲೆಯ ಹುಟ್ಟು, ಮನೆಯ ಒಳಹೊರಗು, ಗಂಡಹೆಂಡಿರ ಮುನಿಸು, ಅತ್ತೆಮಾವಂದಿರ ಕಾಟ, ಮಕ್ಕಳ ಹಟ, ಇವೆಲ್ಲವನ್ನೂ ಹರಟುತ್ತಾರೆ. ಕೇಳುಗರು ತಮ್ಮ ಸಂಸಾರದ ತೊಡಕುಗಳನ್ನು ಬರೆದು ಕಳುಹಿಸಿ ಪರಿಹಾರ ಬೇಡುತ್ತಾರೆ. ನಮ್ಮ ಊರೂರಿನ ಹಾಸ್ಯಸಂಜೆಗಳಲ್ಲಿಯೂ ಸಂಸಾರವೇ ಮುಖ್ಯ ಪದಾರ್ಥ. ಹಿರಿಯರಿಗೆ ಮೀಸಲಾಗಿದ್ದ ಮಣೆಯ ಮೇಲೆ ವಿದೂಷಕನು ಕುಳಿತಿದ್ದಾನೆ.

ಇದರಿಂದ ಲೋಕವೇ ಕೆಟ್ಟಿತೆಂದು ಕೂಗಬೇಕಾದುದಿಲ್ಲ. ಆ ಮಣೆ ಅವನಿಗೆ ಹೊಸದೂ ಅಲ್ಲ. ಸಂಸ್ಕೃತ ನಾಟಕಗಳಲ್ಲಿ ಅರಸನು ತನ್ನ ಹೃದಯದ ಕಳವಳವನ್ನು ತೋಡಿಕೊಳ್ಳುತ್ತಿದ್ದುದು ಮಂತ್ರಿಯೊಡನೆ ಅಲ್ಲ, ಪುರೋಹಿತನೊಡನೆಯೂ ಅಲ್ಲ; ಊಟದ ಮೇಲೆಯೇ ಕಣ್ಣಿಟ್ಟ ವಿದೂಷಕನೊಡನೆ. ‘ಸ್ವಪ್ನವಾಸವದತ್ತ’ದ ಉದಯನನಿಗೆ ವಸಂತಕನೂ, ‘ಮೃಚ್ಛಕಟಿಕ’ದ ಚಾರುದತ್ತನಿಗೆ ಮೈತ್ರೇಯನೂ ಹೇಗೆ ಒದಗಿದರೆಂಬುದನ್ನು ಬಲ್ಲವರು ಬಲ್ಲರು. ತನ್ನನ್ನೇ ಹಿರಿಯನೆಂದು ಎಣಿಸದವನ ಮುಂದೆ ಮನಸ್ಸು ಸುಲಭವಾಗಿ ಬಿಚ್ಚಿಕೊಳ್ಳುತ್ತದೆ. ಆದುದರಿಂದ ನಗೆಗಾರನು ಸಂಸಾರದ ಮಾತನ್ನಾಡಬಹುದೆ ಎಂಬುದು ಪ್ರಶ್ನೆಯೇ ಅಲ್ಲ. ಆಡಿದ ಮಾತಿಗೆ ಅವನು ಹೊಣೆಯೋ ಅಲ್ಲವೋ ಎಂಬುದೇ ಪ್ರಶ್ನೆ. ಹೊಣೆಯೆಂದು ಒಪ್ಪುವವರು ವಿರಳ. “ತಮಾಷೆಗೆ ಹೇಳಿದ್ದು” ಎಂಬ ಒಂದು ವಾಕ್ಯದ ಮರೆಯಲ್ಲಿ ಅವರೆಲ್ಲರೂ ಕ್ಷೇಮವಾಗಿ ನಿಂತಿದ್ದಾರೆ.

ಈ ವಾಕ್ಯದ ಬೆಲೆ ಎಷ್ಟೆಂಬುದನ್ನು ಕಾಳಿದಾಸನು ಎಂದೋ ತೋರಿಸಿಕೊಟ್ಟಿದ್ದಾನೆ. ‘ಶಾಕುಂತಲ’ದ ಎರಡನೆಯ ಅಂಕದಲ್ಲಿ ದುಷ್ಯಂತನು ತನ್ನ ಅನುರಾಗವನ್ನೆಲ್ಲ ವಿದೂಷಕನಾದ ಮಾಢವ್ಯನಿಗೆ ಹೇಳುತ್ತಾನೆ, ಆಮೇಲೆ, ಈ ಬಾಯಿಬಡುಕನು ಅಂತಃಪುರದಲ್ಲಿ ಗುಟ್ಟನ್ನು ಒಡೆದಾನೆಂದು ಹೆದರಿ, ಆಡಿದುದೆಲ್ಲ ಬರಿಯ ಪರಿಹಾಸವೆಂದು ನಂಬಿಸಿ ಅವನನ್ನು ರಾಜಧಾನಿಗೆ ಕಳುಹಿಸುತ್ತಾನೆ. ಶಾಪದಿಂದ ಅರಸನು ಎಲ್ಲವನ್ನೂ ಮರೆತಾಗ ನೆನಪು ಮಾಡಿಕೊಡಬಲ್ಲವನಾಗಿದ್ದವನು ಮಾಢವ್ಯನೊಬ್ಬನೇ. ಅವನು ಬಾಯಿ ತೆರೆಯಲಿಲ್ಲ. ಆರನೆಯ ಅಂಕದಲ್ಲಿ ಅರಸನು ಕಾರಣವನ್ನು ಕೇಳಿದರೆ, ಅದು ತಮಾಷೆಯೆಂದು ತಾವೇ ಹೇಳಿದಿರಿ, ಮಂದಬುದ್ಧಿಯವನಾದ ನಾನು ಹಾಗೆಯೇ ನಂಬಿದೆ ಎಂಬುದು ಅವನ ಉತ್ತರ. ದೂರ್ವಾಸನ ಶಾಪದ ಮಾತನ್ನು ಎಲ್ಲರೂ ಆಡುತ್ತಾರೆ. ಆ ಶಾಪಕ್ಕೆ ಬೆಂಬಲವಾಗಿ ನಿಂತ ಈ ಸಣ್ಣ ಸುಳ್ಳಿನ ಮಾತನ್ನು ಯಾರೂ ಆಡುವುದಿಲ್ಲ. ನಿಜವಾದ ಮಾತಿಗೆ ತಮಾಷೆಯ ಮುದ್ರೆಯನ್ನೊತ್ತಿದುದರ ದಂಡವನ್ನು ತೆತ್ತವಳು ಯಾರು? ಆ ಮಾತನ್ನಾಡುವಾಗ ಅಲ್ಲಿ ಇಲ್ಲದಿದ್ದ ಹೆಣ್ಣು.

ಇಂದಿನ ಹಾಸ್ಯವೇದಿಕೆಯಲ್ಲಿಯೂ ಸ್ಥಿತಿ ಬೇರೆಯಲ್ಲ. ಹೆಂಡತಿಯ ಅಡಿಗೆ ಬಾಯಿಗಿಡಲಾಗದು, ಹೆಂಡತಿಯ ಮಾತಿಗೆ ಕೊನೆಯಿಲ್ಲ, ಮದುವೆಯೆಂದರೆ ಆಜೀವ ಸೆರೆ: ಇಷ್ಟೇ ಬಂಡವಾಳದಿಂದ ಎಷ್ಟೋ ಮಂದಿ ವರ್ಷಗಟ್ಟಲೆ ವ್ಯಾಪಾರ ನಡೆಯಿಸುತ್ತಾರೆ. ಹಾಸ್ಯಕ್ಕೆ ಗುರಿಯಾದವಳಿಗೆ ವೇದಿಕೆಯಿಲ್ಲ, ಮೈಕಿಲ್ಲ, ಮರುಮಾತಿಗೆ ಎಡೆಯಿಲ್ಲ. ನಾಟ್ಯಶಾಸ್ತ್ರದ ಕೊನೆಯಲ್ಲಿ ಒಂದು ಕಥೆಯುಂಟು. ಭರತನ ಮಕ್ಕಳು ವಿದ್ಯಾಮದದಿಂದ ಋಷಿಗಳನ್ನೇ ಹಾಸ್ಯಮಾಡಿ ಪ್ರಹಸನಗಳನ್ನು ಆಡಿದರು. ಋಷಿಗಳು ಕೋಪಗೊಂಡು ಶಪಿಸಿದರು. ಋಷಿಗಳಿಗೆ ಶಾಪ ಕೊಡುವ ಶಕ್ತಿಯಿತ್ತು, ಮನೆಯಾಕೆಗೆ ಅದಿಲ್ಲ. ಶಪಿಸಲಾರದವರನ್ನೇ ಆರಿಸಿಕೊಂಡು ನಗೆಯಾಡುವುದನ್ನು ಧೈರ್ಯವೆಂದು ಕರೆಯುವುದು ಹೇಗೆ?

ಅದೇ ಗ್ರಂಥದಲ್ಲಿ ಹಾಸ್ಯವು ಶೃಂಗಾರದಿಂದ ಹುಟ್ಟುವುದೆಂದು ಭರತನು ಹೇಳಿದ್ದಾನೆ. ಅನುಕರಣೆಯಿಂದ ನಗೆಯುಂಟಾಗುವುದೆಂಬುದು ಅವನ ಅಭಿಪ್ರಾಯವಾಗಿರಬಹುದು. ಆದರೆ ಸಂಸಾರದ ಹಾಸ್ಯಕ್ಕೆ ಆ ವಂಶಾವಳಿ ಅಕ್ಷರಶಃ ಸಲ್ಲುತ್ತದೆ. ಪ್ರೀತಿಯುಳ್ಳವರ ನಡುವಣ ಕೀಟಲೆಗೆ ತಾಯಿ ಶೃಂಗಾರ. ಪ್ರೀತಿಯಿಲ್ಲದ ಕೀಟಲೆಗೆ ತಾಯಿಯೇ ಇಲ್ಲ. ಉತ್ತಮರ ನಗೆ ಸ್ಮಿತ ಹಸಿತಗಳು, ಅಧಮರ ನಗೆ ಅಪಹಸಿತ ಅತಿಹಸಿತಗಳು ಎಂದು ಅವನು ದರ್ಜೆ ಮಾಡಿದುದೂ ಇಲ್ಲಿ ನೆನಪಾಗತಕ್ಕದ್ದೇ.

ಪ್ರತಿವಾದಿಗಳು ಮೂರು ಮಾತುಗಳನ್ನು ಹೇಳುತ್ತಾರೆ. ಮೊದಲನೆಯದು: ಮುಂದಿನ ಸಾಲಿನಲ್ಲಿ ಕುಳಿತ ಹೆಂಡತಿಯೇ ನಗುತ್ತಿರುವಾಗ ಉಳಿದವರಿಗೇನು ನೋವು? ಐನೂರು ಮಂದಿಯ ನಡುವೆ ಕುಳಿತವಳು ನಗದೆ ಇನ್ನೇನು ಮಾಡಬೇಕು? ನಕ್ಕರೆ ಒಪ್ಪಿದಳೆನ್ನುವರು, ನಗದಿದ್ದರೆ ರಸವರಿಯದವಳೆನ್ನುವರು. ಎರಡು ಬಾಗಿಲುಗಳನ್ನೂ ಮುಚ್ಚಿ, ಒಳಗಿದ್ದವಳನ್ನು ಸ್ವಇಚ್ಛೆಯಿಂದ ಕುಳಿತವಳೆಂದು ಹೊಗಳುವುದು ನ್ಯಾಯವಲ್ಲ.

ಎರಡನೆಯದು: ಕಲಾವಿದನ ಬಾಳೇ ಅವನ ಸಾಮಗ್ರಿ, ಅದನ್ನು ಬಳಸಬೇಡವೆನ್ನಲು ಯಾರಿಗೆ ಅಧಿಕಾರ? ಈ ವಾದದಲ್ಲಿ ಅರ್ಧ ಸತ್ಯವಿದೆ. ಅವನ ಬಾಳು ಅವನದು, ನಿಜ, ಸಂಸಾರವಾದರೋ ಅವನೊಬ್ಬನದಲ್ಲ. ಅದು ಅವಿಭಕ್ತ ಕುಟುಂಬದ ಆಸ್ತಿಯಂತೆ. ತನ್ನ ಭಾಗವನ್ನು ಅವನು ಏನಾದರೂ ಮಾಡಿಕೊಳ್ಳಲಿ. ಉಳಿದವರ ಭಾಗವನ್ನು ಅವರ ರುಜುವಿಲ್ಲದೆ ಪರಾಧೀನ ಮಾಡುವ ಹಕ್ಕು ಅವನಿಗೆಲ್ಲಿಯದು? ಮಕ್ಕಳ ವಿಷಯದಲ್ಲಂತೂ ಇದು ಇನ್ನೂ ಗಂಭೀರವಾದುದು. ಆರು ವರ್ಷದ ಕೂಸು ಹಾಸಿಗೆಯಲ್ಲಿ ಮಾಡಿದ ಅವಾಂತರವನ್ನು ಸಭೆಗೆ ಸಾರಿದರೆ ಹಿಂದೆ ಆ ಸಂಜೆಗೇ ಅದು ಮುಗಿಯುತ್ತಿತ್ತು. ಈಗ ಮಾತು ಯಂತ್ರದಲ್ಲಿ ಅಚ್ಚಾಗಿ ಉಳಿಯುತ್ತದೆ. ಕೂಸು ಬೆಳೆದು ಕಾಲೇಜಿಗೆ ಹೋದಾಗ ಸಹಪಾಠಿಗಳ ಜೇಬಿನ ಫೋನಿನಲ್ಲಿ ಅದೇ ನಗೆ ಕಾದಿರುತ್ತದೆ.

ಮೂರನೆಯದು: ವೇದಿಕೆಯ ಹೆಂಡತಿ ಕಲ್ಪಿತಳು. ಇದು ನಿಜವಾದರೆ ಆಕ್ಷೇಪಣೆಯೇ ಇಲ್ಲ. ಅಮೆರಿಕೆಯ ಫಿಲಿಸ್ ಡಿಲ್ಲರ್ ಎಂಬಾಕೆ ಐದು ಮಕ್ಕಳ ತಾಯಿಯಾಗಿ, 37ನೆಯ ವಯಸ್ಸಿನಲ್ಲಿ, 1955ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರದ ಒಂದು ಚಿಕ್ಕ ವೇದಿಕೆಯನ್ನೇರಿದಳು. ಅವಳ ಹಾಸ್ಯದ ಗಂಡನಿಗೆ ‘ಫ್ಯಾಂಗ್’ ಎಂದು ಹೆಸರು. ಅವನು ಕಲ್ಪನೆಯ ವ್ಯಕ್ತಿಯೆಂದು ಅವಳೇ ಹೇಳುತ್ತಿದ್ದಳು. ಬೇರೆ ಹೆಸರು, ಬೇರೆ ರೂಪು. ಜೊತೆಗೆ ತನ್ನ ಮುಖವನ್ನೂ ಕೂದಲನ್ನೂ ಅಡಿಗೆಯನ್ನೂ ಅವಳು ಗಂಡನಿಗಿಂತ ಮೊದಲು ಹಳಿದುಕೊಳ್ಳುತ್ತಿದ್ದಳು. ನಮ್ಮ ಹಾಸ್ಯಗಾರರಲ್ಲಿ ಹಲವರು ಮಾಡುವುದೇನು? “ನನ್ನ ಹೆಂಡತಿ” ಎಂದೇ ತೊಡಗುತ್ತಾರೆ, ಊರು ಕೇರಿಯನ್ನೂ ಸೇರಿಸುತ್ತಾರೆ; ಯಾರಾದರೂ ಕೇಳಿದಾಗ ಮಾತ್ರ ಕಲ್ಪನೆಯೆನ್ನುತ್ತಾರೆ.

ಹೀಗೆಂದೊಡನೆ, ಸಂಸಾರದ ಹಾಸ್ಯವನ್ನೇ ಬಹಿಷ್ಕರಿಸಬೇಕೆ ಎಂದು ಕೇಳುವರು. ಕೂಡದು, ಬಹಿಷ್ಕರಿಸಿದರೆ ಕನ್ನಡಕ್ಕೇ ನಷ್ಟ. ಟಿ. ಪಿ. ಕೈಲಾಸಂ ಅವರ ‘ಟೊಳ್ಳುಗಟ್ಟಿ’ ಮನೆಯೊಳಗಣ ನಾಟಕವೇ. ಪರೀಕ್ಷೆಯ ಅಂಕಗಳಿಂದಲೇ ಮಕ್ಕಳನ್ನು ಅಳೆಯುವ ತಂದೆ, ಪುಸ್ತಕದ ಹುಳುವಾದ ಒಬ್ಬ ಮಗ, ಪರೀಕ್ಷೆಯಲ್ಲಿ ಸೋತರೂ ಮನೆಯ ಕಷ್ಟಕ್ಕೆ ಹೆಗಲುಕೊಡುವ ಇನ್ನೊಬ್ಬ ಮಗ. ನಗೆಯ ಪೆಟ್ಟು ಬಿದ್ದುದು ಯಾರ ಮೇಲೆ? ಮನೆಯ ಯಜಮಾನನ ಹೆಮ್ಮೆಯ ಮೇಲೆ. ಮನೆಯಲ್ಲಿ ಬಲ್ಲಿದನಾದವನೇ ಅಲ್ಲಿ ಹಾಸ್ಯಕ್ಕೆ ಪಾತ್ರನಾದನು. ಬೀchiಯವರು ತಮ್ಮ ಆತ್ಮಕಥೆಗೆ ‘ನನ್ನ ಭಯಾಗ್ರಫಿ’ ಎಂದು ಹೆಸರಿಟ್ಟರು; ನಗೆಗೀಡಾಗತಕ್ಕವರಲ್ಲಿ ಮೊದಲಿಗನು ತಾನೇ ಎಂದು ಆ ಹೆಸರೇ ಸಾರುತ್ತದೆ. ‘ರಾಶಿ’ಯವರು 1942ರಲ್ಲಿ ತೊಡಗಿದ ‘ಕೊರವಂಜಿ’ಯಲ್ಲಿ ಟಿ. ಸುನಂದಮ್ಮನವರು ಬರೆದರು, ಗಂಡಸರು ಮಾತ್ರ ಹೇಳಿ ನಗುತ್ತಿದ್ದ ಸಂಸಾರವನ್ನು ಗೃಹಿಣಿಯ ಕಣ್ಣಿನಿಂದ ಕಂಡು ನಗಿಸಿದರು. ಒಂದೇ ಪತ್ರಿಕೆಯಲ್ಲಿ ಇಬ್ಬರಿಗೂ ಮಾತು ಸಿಕ್ಕಿದಾಗ ಹಾಸ್ಯವು ಬಡವಾಗಲಿಲ್ಲ, ಬೆಳೆಯಿತು.

ಹೊರದೇಶದಲ್ಲಿಯೂ ಇದಕ್ಕೊಂದು ನಿದರ್ಶನವಿದೆ. ಜಾರ್ಜ್ ಬರ್ನ್ಸ್, ಗ್ರೇಸಿ ಅಲೆನ್ ಎಂಬವರು 1926ರಲ್ಲಿ ಮದುವೆಯಾದ ಅಮೆರಿಕೆಯ ಹಾಸ್ಯದಂಪತಿಗಳು. ಜೊತೆಗೂಡಿದ ಮೊದಮೊದಲು ನಗೆಯ ಮಾತು ಬರ್ನ್ಸನದು, ಅದಕ್ಕೆ ದಾರಿ ಮಾಡಿಕೊಡುವ ಪ್ರಶ್ನೆ ಮಾತ್ರ ಗ್ರೇಸಿಯದು. ಜನರು ಪ್ರಶ್ನೆಗೇ ಹೆಚ್ಚು ನಕ್ಕರು. ಬರ್ನ್ಸನು ಮುನಿಯಲಿಲ್ಲ, ಪಾತ್ರಗಳನ್ನು ಅದಲುಬದಲು ಮಾಡಿ, ನಗೆಯನ್ನೆಲ್ಲ ಅವಳಿಗೆ ಬಿಟ್ಟುಕೊಟ್ಟು, ತಾನು ಕೇಳುವವನಾದನು. ಗ್ರೇಸಿ 1958ರಲ್ಲಿ ನಿವೃತ್ತಳಾಗುವವರೆಗೆ, ರೇಡಿಯೋದಲ್ಲಿಯೂ ದೂರದರ್ಶನದಲ್ಲಿಯೂ ಆ ಜೋಡಿಯು ಇದೇ ಏರ್ಪಾಟಿನಿಂದ ನಗಿಸಿತು. ಅವಳ ಪಾತ್ರವು ಪೆದ್ದಿಯದೇ. ಆದರೆ ಮಾತು ಅವಳದು, ಗೆಲುವೂ ಅವಳದು. ಹೆಂಡತಿಯನ್ನು ಕುರಿತು ನಗಿಸುವುದಕ್ಕೂ ಹೆಂಡತಿಯೊಡನೆ ನಗಿಸುವುದಕ್ಕೂ ಇರುವ ಅಂತರ ಇಷ್ಟೇ, ಇಷ್ಟು ದೊಡ್ಡದು.

ಹಾಗಾದರೆ ತನ್ನನ್ನು ತಾನು ಹಳಿದುಕೊಂಡರೆ ಸಾಕೆ? ಅದೂ ಸಾಲದು. ಆಸ್ಟ್ರೇಲಿಯದ ಹಾನಾ ಗ್ಯಾಡ್ಸ್‌ಬಿಯವರು 2018ರಲ್ಲಿ ‘ನ್ಯಾನೆಟ್’ ಎಂಬ ತಮ್ಮ ಪ್ರದರ್ಶನದಲ್ಲಿ ಇದನ್ನು ನಿಷ್ಠುರವಾಗಿ ಆಡಿ ತೋರಿಸಿದರು. ಸಮಾಜವು ಮೊದಲೇ ಕೀಳಾಗಿ ಕಂಡವರು ತಮ್ಮನ್ನು ಹಾಸ್ಯಮಾಡಿಕೊಂಡರೆ ಅದು ವಿನಯವಲ್ಲ, ಅವಮಾನ. ನಗೆಹನಿಗೆ ಎರಡು ಭಾಗಗಳಾದರೆ ಸಾಕು, ಕಥೆಗಾದರೋ ಮೂರು ಬೇಕು. ನಗು ಬಂದ ಸ್ಥಳದಲ್ಲಿ ಕಥೆಯನ್ನು ನಿಲ್ಲಿಸಿದವರು ಕೊನೆಯ ಭಾಗವನ್ನು, ಎಂದರೆ ನೋವನ್ನೂ ಅದರ ಪರಿಣಾಮವನ್ನೂ, ನುಂಗಿಕೊಳ್ಳಬೇಕಾಗುತ್ತದೆ. ಇದು ಅವರ ವಾದದ ಸಾರ.

ಸಂಸಾರದ ತೊಡಕುಗಳಿಗೆ ಪರಿಹಾರ ಹೇಳಲು ಕುಳಿತ ಹಾಸ್ಯಗಾರರು ಈ ಮಾತನ್ನು ಮನನಮಾಡತಕ್ಕದ್ದು. ಮೂರು ವರ್ಷಗಳಿಂದ ಗಂಡನೊಡನೆ ಮಾತಿಲ್ಲವೆಂದು ಒಬ್ಬಳು ಬರೆದಿದ್ದಾಳೆ ಎನ್ನೋಣ. “ಅದೃಷ್ಟವಂತ!” ಎನ್ನುವನು ನಗೆಗಾರ. ಸಭೆ ಗೊಳ್ಳೆನ್ನುತ್ತದೆ. ಬರೆದವಳ ಕಥೆಗೆ ಮೂರನೆಯ ಭಾಗವುಂಟು. ಅದು ಅವಳ ಮನೆಯಲ್ಲಿ, ಇಬ್ಬರು ಬೇರೆ ಬೇರೆಯಾಗಿ ಉಣ್ಣುವ ಅಡಿಗೆಮನೆಯಲ್ಲಿ ನಡೆಯುತ್ತದೆ. ನಗೆಯಿಂದ ಅವಳ ಭಾರವನ್ನು ಹಗುರಮಾಡುವುದು ಒಂದು. ಅವಳ ಭಾರವನ್ನು ತನ್ನ ನಗೆಗೆ ಕೂಲಿಯಿಲ್ಲದ ಸರಕಾಗಿ ಕೊಳ್ಳುವುದು ಇನ್ನೊಂದು.

ಆದುದರಿಂದ ಸಂಸಾರವನ್ನು ಕುರಿತು ಮಾತನಾಡುವ ಹಾಸ್ಯಗಾರನಿಂದ ಮೂರನ್ನು ಕೇಳುವುದು ಅತಿಯಾಗಲಾರದು. ಮನೆಯಲ್ಲಿ ಯಾರ ಕೈ ಮೇಲಾಗಿದೆಯೋ ಅವನ ಮೇಲೆ ಮೊದಲ ಏಟು ಬೀಳಲಿ. ಬಹುಮಟ್ಟಿಗೆ ಅವನು ತಾನೇ ಆಗಿರುವನು. ನಗೆಗೆ ವಸ್ತುವಾದವರು ಸಭೆಗಿಂತ ಮೊದಲು, ಮನೆಯಲ್ಲಿ, ಬೇಡವೆನ್ನಲು ಅವಕಾಶವಿರುವಾಗ ಅದನ್ನು ಕೇಳಿರಲಿ. ಯಾರಾದರೂ ನೊಂದರೆ, ತಮಾಷೆಯೆಂದು ತಪ್ಪಿಸಿಕೊಳ್ಳದೆ ಆಡಿದ ಮಾತಿಗೆ ಅವನು ನಿಲ್ಲಲಿ. ಇಷ್ಟರಿಂದ ಹಾಸ್ಯವು ಸಾಯುವುದಾದರೆ ಅದು ಮೊದಲೇ ಜೀವವಿಲ್ಲದುದೆಂದು ತಿಳಿಯಬೇಕು.

ಹೊಣೆಯಲ್ಲಿ ಕೇಳುಗರದೂ ಒಂದು ಪಾಲಿದೆ. ಹಾಸ್ಯಗಾರನ ಅಂಗಡಿಯಲ್ಲಿ ಬೇಡಿಕೆಯಿರುವ ಸರಕೇ ತುಂಬಿರುತ್ತದೆ. ಹಾಸ್ಯಸಂಜೆಗಳನ್ನು ಏರ್ಪಡಿಸುವ ಸಂಘಗಳು ಒಬ್ಬ ಗಂಡಸಿನ ಪಕ್ಕದಲ್ಲಿ, ನಗಿಸಬಲ್ಲ ಒಬ್ಬ ಹೆಂಗಸನ್ನೂ ಕರೆದು ಕುಳ್ಳಿರಿಸಲಿ. ಮರುಮಾತು ಬರುವುದೆಂದು ತಿಳಿದೊಡನೆ ಎಷ್ಟೋ ಹಳಸಿದ ಚಟಾಕಿಗಳು ತಾವಾಗಿಯೇ ನಿಲ್ಲುವುವು. ವಿದ್ಯಾವಂತರ ಕುಟುಂಬಗಳು ಸಭೆಯಿಂದ ಹಿಂದಿರುಗುವಾಗ, ತಾವು ನಕ್ಕುದು ಯಾರ ಖರ್ಚಿನಲ್ಲಿ ಎಂದು ಒಮ್ಮೆ ಎಣಿಸಿ ನೋಡಲಿ. ಮಾಢವ್ಯನು ತಮಾಷೆಯೆಂದು ನಂಬಿ ಸುಮ್ಮನಾದನು. ಅವನಿಗಾದರೋ ಮಂದಬುದ್ಧಿಯೆಂಬ ನೆಪವಿತ್ತು. ಇಂದಿನ ಸಭಿಕರಿಗೆ ಆ ನೆಪವೂ ಇಲ್ಲ.